ಪಟ್ಟಿ ಹಿಡಿದು ಕೂತವರ ಪರವಾಗಿ

ಓದುಗರ ಪತ್ರ: ಫ್ಯಾಂಟಸಿ ಕಾದಂಬರಿಗಳು ಸಿನಿಮಾ ಆದಾಗಲೆಲ್ಲ ಅಭಿಮಾನಿಗಳು ‘ಆ ಪ್ರಸಂಗ ಬಿಟ್ಟರು, ಈ ಪಾತ್ರ ಕೆಡಿಸಿದರು’ ಎಂದು ಪಟ್ಟಿ ಹಿಡಿದು ಕೂರುತ್ತಾರೆ. ಸಿನಿಮಾ ಬೇರೆಯದೇ ಮಾಧ್ಯಮ ಎಂಬ ಸರಳ ಸತ್ಯ ಇವರಿಗೆ ಏಕೆ ತಿಳಿಯುವುದಿಲ್ಲ? ನೋಡಿ ಸಂತೋಷಪಡುವವರ ಸಂತೋಷವನ್ನೂ ಕೆಡಿಸುವ ಇಂಥವರಿಗೆ ನಿಮ್ಮ ಪತ್ರಿಕೆ ನಾಲ್ಕು ಬುದ್ಧಿಮಾತು ಹೇಳಬಾರದೇ?

ಸಂಪಾದಕರ ಉತ್ತರ:

ಮಾನ್ಯರೇ,

ಬುದ್ಧಿ ಹೇಳುವ ಹೊಣೆಯನ್ನು ನನಗೆ ವಹಿಸಿದ್ದೀರಿ, ಸಂತೋಷ. ಆದರೆ ಅದನ್ನು ಯಾರಿಗೆ ಹೇಳಬೇಕೆಂಬ ವಿಷಯದಲ್ಲಿ ನಿಮಗೂ ನನಗೂ ಹೊಂದಿಕೆಯಾಗುವಂತೆ ಕಾಣುವುದಿಲ್ಲ. ನಿಮ್ಮ ಬರವಣಿಗೆ ಅಚ್ಚುಕಟ್ಟಾಗಿದೆ, ವಾದವೂ ನೇರವಾಗಿದೆ. ಇಷ್ಟು ಚೆನ್ನಾಗಿ ಬರೆಯಬಲ್ಲ ನೀವು ಚೆನ್ನಾಗಿ ಓದುವವರ ಮೇಲೆ ಏಕೆ ಮುನಿಸಿಕೊಂಡಿರೋ ತಿಳಿಯದು.

ನಿಮ್ಮ ಪಾಲಿನ ನ್ಯಾಯವನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಸಾವಿರ ಪುಟದ ಕಾದಂಬರಿಯನ್ನು ಪರದೆಗೆ ತರುವವರು ಕತ್ತರಿ ಹಿಡಿಯಲೇಬೇಕು. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಹಾಡುತ್ತ ಕುಣಿಯುತ್ತ ಬರುವ ಟಾಮ್ ಬಾಂಬಡಿಲ್‌ನನ್ನು ನಿರ್ದೇಶಕ ಪೀಟರ್ ಜಾಕ್ಸನ್ 2001ರ ತಮ್ಮ ಚಿತ್ರದಲ್ಲಿ ಪೂರ್ತಿಯಾಗಿ ಕೈಬಿಟ್ಟರು, ಅವನು ನನಗೆ ಪ್ರಿಯನೇ ಆದರೂ ಕಥೆಯ ಓಟಕ್ಕೆ ಅದರಿಂದ ನಷ್ಟವಾಗಲಿಲ್ಲವೆಂದು ಒಪ್ಪುತ್ತೇನೆ. ಡಯಾನಾ ವಿನ್ ಜೋನ್ಸ್ ಅವರ ‘ಹೌಲ್ಸ್ ಮೂವಿಂಗ್ ಕಾಸಲ್’ ಕಾದಂಬರಿಯನ್ನು ಜಪಾನಿನ ನಿರ್ದೇಶಕ ಮಿಯಾಜಾಕಿ 2004ರಲ್ಲಿ ಅನಿಮೇಷನ್ ಚಿತ್ರವಾಗಿಸಿದಾಗ ಯುದ್ಧವನ್ನು ಕಥೆಯ ಕೇಂದ್ರಕ್ಕೇ ತಂದರು. ಆ ಚಿತ್ರ ಲೇಖಕಿಯ ಮೆಚ್ಚುಗೆಯನ್ನೂ ಪಡೆಯಿತು. ಇಷ್ಟು ನಿಮ್ಮ ಖಾತೆಗೆ ಜಮೆ.

ಇನ್ನು ‘ಸಿನಿಮಾ ಬೇರೆಯದೇ ಮಾಧ್ಯಮ’ ಎಂಬ ಮಾತು. ಚರ್ಚೆ ಬಿಸಿಯೇರಿದಾಗ ಇದನ್ನು ಯಾರು ಹೇಳುತ್ತಾರೆಂದು ನಾನು ಮುಂಚೆಯೇ ಊಹಿಸಬಲ್ಲೆ: ಹೆಚ್ಚಿನ ಸಲ ಪುಸ್ತಕ ಓದದೆ ಬಂದವರು. ಅದು ವಾದವಲ್ಲ, ವಾದದ ಬಾಯಿಗೆ ಜಡಿಯುವ ಬೀಗ. ಸ್ವತಃ ಟೋಲ್ಕಿನ್ ಅದನ್ನು ಒಪ್ಪಿದವರಲ್ಲ. ತಮ್ಮ ಕಾದಂಬರಿಯನ್ನು ಆಧರಿಸಿದ ಚಿತ್ರಕಥೆಯೊಂದು 1958ರಲ್ಲಿ ಅವರ ಕೈಗೆ ಬಂದಾಗ ದೃಶ್ಯ ದೃಶ್ಯಕ್ಕೂ ಆಕ್ಷೇಪ ಬರೆದು ಕಳಿಸಿದರು; ಕಥನಕಲೆಯ ನಿಯಮಗಳು ಯಾವ ಮಾಧ್ಯಮದಲ್ಲೂ ಪೂರಾ ಬೇರೆಯಾಗಿರಲಾರವು, ಮೂಲದ ತಿರುಳು ಎಲ್ಲಿದೆಯೆಂದು ಕಾಣದೆ ಉತ್ಪ್ರೇಕ್ಷೆ ಮಾಡುವುದರಿಂದಲೂ ಸಲ್ಲದ್ದನ್ನು ತುರುಕುವುದರಿಂದಲೂ ಚಿತ್ರಗಳು ಸೋಲುತ್ತವೆ ಎಂಬರ್ಥದ ಮಾತು ಆ ಪತ್ರದಲ್ಲಿದೆ. ಕತ್ತರಿಗೆ ಅವರ ವಿರೋಧವಿರಲಿಲ್ಲ ಎಂಬುದನ್ನು ಗಮನಿಸಿ. ಮರದಂಥ ಮೈಯ ಎಂಟ್‌ಗಳ ಪ್ರಸಂಗ ಮತ್ತು ಹಾರ್ನ್‌ಬರ್ಗ್ ಕೋಟೆಯ ಕಾಳಗ ಇವೆರಡಕ್ಕೂ ಸಾಕಷ್ಟು ಜಾಗವಿಲ್ಲವಾದರೆ ಕಾಳಗವನ್ನೇ ತೆಗೆದುಹಾಕಿ ಎಂದರು. ಅದೇ ಕಾಳಗ ಜಾಕ್ಸನ್‌ರ 2002ರ ಎರಡನೆಯ ಚಿತ್ರದ ಶಿಖರವಾಯಿತು. ಪುಸ್ತಕದಲ್ಲಿ ಅತ್ತ ಸುಳಿಯದ, ಎಲ್ಫ್ ಎಂಬ ಅಮರ ಜನಾಂಗದ ಪಡೆಯೊಂದು ಸಾಲುಗಟ್ಟಿ ಕೋಟೆಯೊಳಗೆ ನಡೆದು ಬಂತು.

ಅಭಿಮಾನಿಗಳು ಬಿಟ್ಟದ್ದಕ್ಕೆ ಅಳುತ್ತಾರೆಂದು ನೀವು ತಿಳಿದಿದ್ದೀರಿ. ಅವರ ಪಟ್ಟಿಯನ್ನು ಕೊನೆಯವರೆಗೆ ಓದಿದರೆ, ನಿಜವಾದ ನೋವಿರುವುದು ಬದಲಿಸಿದ್ದರಲ್ಲಿ ಎಂದು ಗೊತ್ತಾಗುತ್ತದೆ. ಟೋಲ್ಕಿನ್‌ರ ಸೇನಾನಾಯಕ ಫರಾಮಿರ್‌ನನ್ನೇ ತೆಗೆದುಕೊಳ್ಳಿ. ಪುಸ್ತಕದಲ್ಲಿ, ಆಸೆಪಟ್ಟವರನ್ನೆಲ್ಲ ಕೆಡಿಸುವ ಮಾಯಾ ಉಂಗುರವನ್ನು ನಾಶಮಾಡಲು ಹೊರಟ ಫ್ರೋಡೋ ಅವನ ಕೈಗೆ ಸಿಕ್ಕಿದ್ದಾನೆ. ಸೇವಕ ಸ್ಯಾಮ್ ಬಾಯಿತಪ್ಪಿ ಉಂಗುರದ ಗುಟ್ಟನ್ನೂ ಬಿಟ್ಟುಕೊಟ್ಟಿದ್ದಾನೆ. ಸುತ್ತ ಇರುವವರೆಲ್ಲ ಫರಾಮಿರ್‌ನ ಸೈನಿಕರು. ಅದೇ ಉಂಗುರದ ಆಸೆಗೆ ಬಿದ್ದ ಅಣ್ಣ ಬೊರೊಮಿರ್ ಸತ್ತಿದ್ದಾನೆ. ಆದರೂ, ದಾರಿ ಬದಿಯಲ್ಲಿ ಬಿದ್ದಿದ್ದರೂ ಇದನ್ನು ಎತ್ತಿಕೊಳ್ಳೆನೆಂದು ಮೊದಲೇ ಆಡಿದ್ದ ಮಾತಿಗೆ ನಿಂತು ಅವನು ಹಿಂದಕ್ಕೆ ಸರಿದು ಕೂರುತ್ತಾನೆ, ದಣಿದವರನ್ನು ಮಲಗಲು ಕಳಿಸುತ್ತಾನೆ. ಚಿತ್ರದ ಫರಾಮಿರ್ ಇಬ್ಬರನ್ನೂ ಬಂದಿಗಳಾಗಿ ಆಸ್ಗಿಲಿಯಾತ್ ಎಂಬ ಪಾಳುನಗರದವರೆಗೆ ಎಳೆದೊಯ್ದು, ಅಲ್ಲಿ ಮನಸ್ಸು ಬದಲಿಸುತ್ತಾನೆ. ಉಂಗುರವನ್ನು ಒಬ್ಬ ಅಷ್ಟು ಸಲೀಸಾಗಿ ನಿರಾಕರಿಸಿಬಿಟ್ಟರೆ ಅದರ ಭಯವೇ ಹೋಗಿಬಿಡುತ್ತದೆಂದು ಚಿತ್ರ ಮಾಡಿದವರ ಸಮಜಾಯಿಷಿ. ನನಗಂತೂ ಇದು ಒಳ್ಳೆಯತನದ ಬಗ್ಗೆ ನಂಬಿಕೆ ಸಾಲದವರ ಲೆಕ್ಕಾಚಾರವಾಗಿ ಕಾಣುತ್ತದೆ. ಮೊದಲು ತಪ್ಪಬೇಕು, ಆಮೇಲೆ ತಿದ್ದಿಕೊಳ್ಳಬೇಕು, ಆಗಲೇ ಅದು ಪಾತ್ರ ಎಂಬ ಚಿತ್ರಕಥೆಯ ಪಾಠಕ್ಕೆ ಸ್ವಭಾವತಃ ಗಟ್ಟಿಯಾದ ಮನುಷ್ಯ ಬಲಿಯಾದ.

ಸಮಯ ಸಾಲದು ಎಂಬ ನೆಪವಂತೂ ‘ದಿ ಹಾಬಿಟ್’ ಬಂದ ಮೇಲೆ ಉಳಿದಿಲ್ಲ. ಟೋಲ್ಕಿನ್‌ರದೇ 1937ರ ಆ ಒಂದೇ ಮಕ್ಕಳ ಪುಸ್ತಕವನ್ನು 2012ರಿಂದ 2014ರವರೆಗೆ ಮೂರು ಚಿತ್ರಗಳಾಗಿ, ಎಂಟು ಗಂಟೆಗಳಿಗೆ ಹತ್ತಿರ ಹಿಗ್ಗಿಸಿದರು. ಅಷ್ಟು ಸಮಯವಿದ್ದೂ ಪುಸ್ತಕದಲ್ಲಿಲ್ಲದ ಎಲ್ಫ್ ಹೆಣ್ಣೊಬ್ಬಳ ಪ್ರೇಮಪ್ರಸಂಗ ಬೇಕಾಯಿತು.

ಮಿಶಾಯೆಲ್ ಎಂಡೆ ಅವರ ‘ದಿ ನೆವರ್‌ಎಂಡಿಂಗ್ ಸ್ಟೋರಿ’ಯ ಕಥೆ ಇನ್ನೂ ನೋವಿನದು. ಬಾಸ್ಟಿಯನ್ ಎಂಬ ಹುಡುಗ ತಾನು ಓದುತ್ತಿದ್ದ ಪುಸ್ತಕದೊಳಕ್ಕೇ ಹೋಗುತ್ತಾನೆ. ಅಲ್ಲಿ ಕೇಳಿದ್ದೆಲ್ಲ ಸಿಗುತ್ತದೆ, ಆದರೆ ಒಂದೊಂದು ಆಸೆ ಈಡೇರಿದಾಗಲೂ ತನ್ನ ಲೋಕದ ಒಂದೊಂದು ನೆನಪು ಅಳಿಸಿಹೋಗುತ್ತದೆ, ಕಡೆಗೆ ತನ್ನ ಹೆಸರೂ. ಇದು ಕಾದಂಬರಿಯ ಉತ್ತರಾರ್ಧ, ಅದರ ಜೀವವೂ ಹೌದು. 1984ರ ಚಿತ್ರ ಪೂರ್ವಾರ್ಧಕ್ಕೇ ನಿಂತು, ಹುಡುಗ ಡ್ರ್ಯಾಗನ್ ಏರಿ ತನ್ನನ್ನು ಕಾಡಿದವರನ್ನು ಅಟ್ಟಿಸಿಕೊಂಡು ಹೋಗುವಲ್ಲಿ ಮುಗಿಯುತ್ತದೆ. ಬಯಕೆಗೆ ಬೆಲೆ ತೆರಬೇಕೆಂದ ಕೃತಿ ಬಯಕೆ ಪುಕ್ಕಟೆ ಎನ್ನುವ ಚಿತ್ರವಾಯಿತು. ಎಂಡೆ ನ್ಯಾಯಾಲಯಕ್ಕೆ ಹೋದರು, ಸೋತರು. ಇವರಿಗೂ ‘ಬೇರೆ ಮಾಧ್ಯಮ’ ಎಂದು ಹೇಳಿ ಕಳಿಸೋಣವೇ?

ಉರ್ಸುಲಾ ಲೆ ಗ್ವಿನ್ 1968ರಲ್ಲೇ ತಮ್ಮ ‘ಅರ್ಥ್‌ಸೀ’ ಕಾದಂಬರಿಯ ನಾಯಕ ಗೆಡ್‌ನಿಗೆ ಕೆಂಗಂದು ಮೈಬಣ್ಣ ಕೊಟ್ಟಿದ್ದರು, ಬೇಕೆಂದೇ ಕೊಟ್ಟಿದ್ದರು. 2004ರ ಟೀವಿ ರೂಪದಲ್ಲಿ ಅವನು ಬಿಳಿಯ ಹುಡುಗನಾದ. ಲೇಖಕಿ ಬಹಿರಂಗವಾಗಿಯೇ ಸಿಟ್ಟಿನಿಂದ ಬರೆದರು. ಮೈಬಣ್ಣದಂಥ ‘ಸಣ್ಣ’ ವಿವರವನ್ನು ಎತ್ತಿ ಆಡುವವರನ್ನು ಹುಳುಕು ಹುಡುಕುವವರೆಂದು ಜರೆಯುವ ಮೊದಲು ಅದನ್ನೊಮ್ಮೆ ನೆನೆಯಿರಿ.

ನನ್ನ ದೂರು ಚಿತ್ರಗಳಿಗಷ್ಟೇ ನಿಲ್ಲುವುದಿಲ್ಲ. ಸಿನಿಮಾ ಬಿಡುಗಡೆಯಾದದ್ದೇ ತಡ, ಪುಸ್ತಕದ ಹೊಸ ಮುದ್ರಣದ ರಕ್ಷಾಪುಟದ ಮೇಲೆ ನಟರ ಮುಖ ಬಂದು ಕೂರುತ್ತದೆ. ಓದುಗ ಕಲ್ಪಿಸಿಕೊಳ್ಳಬೇಕಾದ ಮುಖವನ್ನು ಮೊದಲೇ ಕಸಿದುಕೊಂಡು ಪುಸ್ತಕ ಮಾರುತ್ತಾರೆ. ಮೂಲವನ್ನು ತೆರೆದೂ ನೋಡದ ವಿಮರ್ಶಕರು ‘ಮೂಲಕ್ಕೆ ನಿಷ್ಠವಾಗಿದೆ’ ಎಂದು ಪ್ರಮಾಣಪತ್ರ ಬರೆಯುತ್ತಾರೆ. ನನ್ನ ಮೇಜಿಗೂ ಅಂಥ ವಿಮರ್ಶೆಗಳು ಬರುತ್ತವೆ. ಪುಸ್ತಕದಲ್ಲಿ ಆ ದೃಶ್ಯ ಎಲ್ಲಿದೆಯೆಂದು ಕೇಳಿದರೆ ಉತ್ತರ ಬರುವುದಿಲ್ಲ. ಇಂಥ ಕಾಲದಲ್ಲಿ ಯಾವ ಅಧ್ಯಾಯದಲ್ಲಿ ಯಾರು ಏನೆಂದರು, ಯಾರ ಕಡೆಗೆ ನೋಡಿ ಅಂದರು ಎಂಬುದನ್ನು ನೆನಪಿಟ್ಟುಕೊಂಡು, ಸಂಭಾವನೆಯಿಲ್ಲದೆ, ನಿಮ್ಮಂಥವರಿಂದ ಬೈಸಿಕೊಂಡೂ ಪಠ್ಯವನ್ನು ಕಾಯುತ್ತಿರುವವರು ಆ ಪಟ್ಟಿಗಾರರು. ಅವರಲ್ಲಿ ಜಗಳಗಂಟರಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಜಗಳವಾಡುವಷ್ಟು ಓದಿದ್ದಾರೆ.

ನಿಮಗೊಂದು ಕೆಲಸ ವಹಿಸುತ್ತೇನೆ. ಟೋಲ್ಕಿನ್‌ರ ಎರಡನೆಯ ಸಂಪುಟದಲ್ಲಿ ‘ದಿ ವಿಂಡೋ ಆನ್ ದ ವೆಸ್ಟ್’ ಎಂಬ ಅಧ್ಯಾಯವಿದೆ. ಅದನ್ನು ಓದಿ, ಅನಂತರ ಚಿತ್ರದ ಆ ಭಾಗವನ್ನು ನೋಡಿ, ಬದಲಾವಣೆಯಿಂದ ಕಥೆಗೆ ಏನು ಗಳಿಕೆಯಾಯಿತೆಂದು ನನಗೆ ಬರೆಯಿರಿ. ‘ಮಾಧ್ಯಮ’ ಎಂಬ ಮಾತಿನ ಆಸರೆಯಿಲ್ಲದೆ ಬರೆದರೆ ಪೂರ್ತಿ ಒಂದು ಪುಟ ಕೊಡುತ್ತೇನೆ.