ಕಾವು ಕೋಣೆಗೆ, ಹೊಗೆ ಹೊರಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಲೋಣಾವಳ ಹತ್ತಿರದ ತೋಟದ ಮನೆಗೆ ಭೋಸರಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ಕಬ್ಬಿಣದ ಒಲೆ ಮಾಡಿಸಿದ್ದೇವೆ. 5 ಮಿ.ಮೀ. ಪ್ಲೇಟು. ಒಳ ಅಳತೆ ಉದ್ದ 440, ಅಗಲ 290, ಎತ್ತರ 350 ಮಿ.ಮೀ. ಮೇಲ್ಭಾಗದಲ್ಲಿ, ಹಿಂದುಗಡೆಗೆ 4 ಇಂಚಿನ ಹೊಗೆಕೊಳವೆ. ಉರಿ ಜೋರಾಗಿರುತ್ತದೆ, ಕೊಳವೆ ಕೆಂಪಗಾಗುವಷ್ಟು ಕಾಯುತ್ತದೆ, ಕೋಣೆ ಮಾತ್ರ ತಣ್ಣಗೇ ಇರುತ್ತದೆ. ಒಲೆಯ ಹೊರಗೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿದರೆ ಪ್ರಯೋಜನವಿದೆಯೇ?
— ಓದುಗರು, ಪಿಂಪ್ರಿ

ಉತ್ತರ: ಇದೆ, ಆದರೆ ಅದು ಎರಡನೆಯ ಕೆಲಸ. ನಿಮ್ಮ ಒಲೆಯಲ್ಲಿ ಉರಿಗೂ ಕೊಳವೆಯ ಬಾಯಿಗೂ ನಡುವೆ ತಡೆಯೇ ಇಲ್ಲ. ಒಲೆಯ ಮೈಗೆ ಕಾವು ಕೊಡುವ ಮೊದಲೇ ಜ್ವಾಲೆ ಮೇಲೆ ಹೊರಟುಹೋಗುತ್ತಿದೆ. ಕೊಳವೆ ಕೆಂಪಗಾಗುವುದು ಅದರದೇ ಗುರುತು, ಅಪಾಯದ ಗುರುತೂ ಹೌದು. ಮೊದಲು ಒಳಗೊಂದು ಅಡ್ಡತಟ್ಟೆ ಹಾಕಿಸಿ.

6 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪ್ಲೇಟನ್ನು 390 × 284 ಮಿ.ಮೀ. ಅಳತೆಗೆ ಕತ್ತರಿಸಿ. ತೂಕ ಸುಮಾರು 5 ಕಿಲೋ ಬರುತ್ತದೆ. ಒಲೆಯ ಎರಡೂ ಪಕ್ಕದ ಗೋಡೆಗೆ 25 ಮಿ.ಮೀ. ಆಂಗಲ್ ತುಂಡುಗಳನ್ನು ವೆಲ್ಡ್ ಮಾಡಿಸಿ, ತಟ್ಟೆಯನ್ನು ಅವುಗಳ ಮೇಲೆ ಇಡಿ. ತಟ್ಟೆಗೂ ಒಲೆಯ ಮೇಲ್ಭಾಗಕ್ಕೂ 50 ಮಿ.ಮೀ. ಅಂತರವಿರಲಿ. ತಟ್ಟೆ ಹಿಂದಿನ ಗೋಡೆಗೆ ತಾಗಬೇಕು, ಮುಂದೆ ಬಾಗಿಲ ಕಡೆ 50 ಮಿ.ಮೀ. ಖಾಲಿ ಉಳಿಯಬೇಕು. ಆಗ ಉರಿ ತಟ್ಟೆಯ ಅಡಿಯಲ್ಲಿ ಮುಂದಕ್ಕೆ ಬಂದು, ತಿರುಗಿ ಅದರ ಮೇಲೆ ಹಿಂದಕ್ಕೆ ಹೋಗಿ ಕೊಳವೆ ಸೇರುತ್ತದೆ. ಒಲೆಯ ತಲೆಗೆ ಕಾವು ತಗಲುವುದು ಈ ತಿರುವಿನಲ್ಲೇ.

ಅಂತರವನ್ನು ಕಣ್ಣಳತೆಯಲ್ಲಿ ಇಡಬೇಡಿ. 4 ಇಂಚಿನ ಕೊಳವೆಯ ಬಾಯಿ ಸುಮಾರು 80 ಚದರ ಸೆಂ.ಮೀ. ಹೊಗೆ ತಿರುಗುವ ಜಾಗ ಅದರ ಒಂದೂವರೆ ಪಟ್ಟಾದರೂ ಇರಬೇಕು. 290 × 50 ಮಿ.ಮೀ. ಅಂದರೆ 145 ಚದರ ಸೆಂ.ಮೀ., ಸಾಕು. ಇದನ್ನು 25 ಮಿ.ಮೀ.ಗೆ ಇಳಿಸಿದರೆ ಬಾಗಿಲು ತೆರೆದಾಗಲೆಲ್ಲ ಹೊಗೆ ಮುಖಕ್ಕೆ ಬರುತ್ತದೆ. ತಟ್ಟೆಯನ್ನು ಗೋಡೆಗೆ ವೆಲ್ಡ್ ಮಾಡಲು ವೆಲ್ಡರ್ ಎಷ್ಟೇ ಆಸೆಪಟ್ಟರೂ ಬಿಡಬೇಡಿ. ಕಾದಾಗ ಅದು ಎರಡು-ಮೂರು ಮಿ.ಮೀ. ಹಿಗ್ಗುತ್ತದೆ, ಕಟ್ಟಿಹಾಕಿದರೆ ತಾನೂ ಸೊಟ್ಟಗಾಗಿ ಒಲೆಯ ಗೋಡೆಯನ್ನೂ ಎಳೆಯುತ್ತದೆ. ಪಕ್ಕಗಳಲ್ಲಿ 3 ಮಿ.ಮೀ. ಬಿಟ್ಟಿರುವುದು ಅದಕ್ಕೇ. ಸಡಿಲವಾಗಿದ್ದರೆ ತಟ್ಟೆ ಜೋತುಬಿದ್ದಾಗ ಮಗುಚಿ ಹಾಕಬಹುದು, ಮೇಲೆ ಕೂತ ಮಸಿ ತೆಗೆಯುವುದೂ ಸುಲಭ.

ಇನ್ನು ಪಟ್ಟಿಗಳು. 40 × 5 ಮಿ.ಮೀ. ಎಂ.ಎಸ್. ಪಟ್ಟಿಯ 6 ಮೀಟರಿನ ಒಂದು ಫುಲ್ ಲೆಂಗ್ತ್ ತಂದರೆ 300 ಮಿ.ಮೀ.ನ 20 ತುಂಡು ಬರುತ್ತವೆ, ಪಕ್ಕಕ್ಕೆ ಹತ್ತರಂತೆ. ನೆಟ್ಟಗೆ ನಿಲ್ಲಿಸಿ ಹಾಕಿಸಿ. ಅಡ್ಡ ಹಾಕಿದರೆ ಕಾದ ಗಾಳಿ ಮೇಲೇರಲು ಅವೇ ತಡೆ. ಪಟ್ಟಿಯ ಎರಡೂ ಬದಿಗೆ, 75 ಮಿ.ಮೀ.ಗೊಮ್ಮೆ 25 ಮಿ.ಮೀ. ಉದ್ದದ ವೆಲ್ಡ್ ಬೇಕು, ಒಂದು ಕಡೆ ಆದಮೇಲೆ ಇನ್ನೊಂದು ಕಡೆ. ಒಂದೇ ಬದಿಗೆ ಉದ್ದಕ್ಕೂ ಎಳೆದರೆ ಗೋಡೆ ಬಾಗುತ್ತದೆ. ಬೋಲ್ಟ್ ಹಾಕಿ ಬಿಗಿದ ಪಟ್ಟಿ ಹೆಚ್ಚುಕಡಿಮೆ ಅಲಂಕಾರವಷ್ಟೇ, ನಡುವೆ ಉಳಿಯುವ ಗಾಳಿಯ ಎಳೆ ಕಾವನ್ನು ದಾಟಗೊಡುವುದಿಲ್ಲ. ಪಕ್ಕಗಳ ಮೈವಿಸ್ತಾರ ಹೀಗೆ ಎರಡು ಪಟ್ಟು ದಾಟುತ್ತದೆ. ಕಾವು ಅಷ್ಟು ಹೆಚ್ಚುವುದಿಲ್ಲ: ಪಟ್ಟಿಯ ತುದಿ ಬುಡದಷ್ಟು ಕಾಯದು, ಅಕ್ಕಪಕ್ಕದ ಪಟ್ಟಿಗಳು ಒಂದರ ಕಾವನ್ನು ಇನ್ನೊಂದು ತಡೆಯುತ್ತವೆ.

ಪುಣೆಯ ಜುನಾ ಬಜಾರಿನಲ್ಲಿ ಗುಜರಿ ಕಬ್ಬಿಣ ಕೊಳ್ಳುವವರಿಗೆ ಎರಡು ಮಾತು. ಜಿಐ ಪೈಪು, ಜಿಐ ತಗಡು (ಸತು ಲೇಪಿಸಿದ್ದು) ಬೇಡ. ಅದರ ಮೇಲಿನ ಸತು 420 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ. ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ ಬರಬಹುದು. ಎರಡೂ ತುದಿ ಮುಚ್ಚಿದ ಪೈಪನ್ನಂತೂ ಬೆಂಕಿಯೊಳಗೆ ಇಡಲೇಬೇಡಿ. ಒಳಗೆ ಸಿಕ್ಕ ಗಾಳಿ, ತೇವ ಕಾದು ಅದನ್ನು ಸಿಡಿಸುತ್ತವೆ.

ಪ್ರಶ್ನೆ: ಹೊಗೆಕೊಳವೆಗೆ ಉದ್ದಕ್ಕೂ ಅಲ್ಯುಮಿನಿಯಂ ರೆಕ್ಕೆ ಕಟ್ಟಿ, ಎರಡು ಎಲ್ಬೋ ಸೇರಿಸಿ ಉದ್ದ ಮಾಡಿದೆವು. ಕೋಣೆ ಬೆಚ್ಚಗಾಯಿತು. ಆದರೆ ಈಗ ಜಾಯಿಂಟುಗಳಿಂದ ಕಪ್ಪು ನೀರು ತೊಟ್ಟಿಕ್ಕುತ್ತಿದೆ, ಹೊಗೆಯೂ ಹಿಂದಕ್ಕೆ ಬರುತ್ತಿದೆ.
— ಓದುಗರು, ಮುಳಶಿ

ಉತ್ತರ: ಕೊಳವೆಯಿಂದ ಅತಿಯಾಗಿ ಕಾವು ಕಿತ್ತುಕೊಂಡಿದ್ದೀರಿ. ಹೊಗೆ ಮೇಲೇರುವುದೇ ಬಿಸಿಯ ಬಲದಿಂದ. ಕೊಳವೆಯ ತುದಿಯಲ್ಲಿ ಅದು ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಆವಿಯೂ ಟಾರೂ ಒಳಗೋಡೆಗೆ ಕೂರುತ್ತವೆ. ಆ ಟಾರು ಒಣಗಿ ಹೊಳೆಯುವ ಪದರವಾಗಿ, ಒಂದು ದಿನ ಜೋರು ಉರಿಗೆ ತಾನೇ ಹೊತ್ತಿಕೊಳ್ಳುತ್ತದೆ. ಕೊಳವೆಯಲ್ಲಿ ಭೋರೆಂಬ ಸದ್ದು ಕೇಳಿದರೆ ಬಾಗಿಲು, ಗಾಳಿಕಿಂಡಿ ಎರಡನ್ನೂ ಮುಚ್ಚಿ ಎಲ್ಲರೂ ಹೊರಗೆ ಬನ್ನಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಕೊಳವೆಗೆ ನೀರು ಸುರಿಯಬೇಡಿ.

ಒಂದು ಎಲ್ಬೋ ತೆಗೆದುಬಿಡಿ, ಸಾಧ್ಯವಾದರೆ ಎರಡೂ. ರೆಕ್ಕೆಗಳು ಕೋಣೆಯೊಳಗಿನ ಮೊದಲ ಒಂದು ಮೀಟರಿಗೆ ಸಾಕು. ಚಾವಣಿ ದಾಟಿದ ಭಾಗಕ್ಕೆ ರಾಕ್‌ವೂಲ್ (ಕಾವು ಹೊರಹೋಗದಂತೆ ತಡೆಯುವ ಕಲ್ಲುನಾರಿನ ಹೊದಿಕೆ) ಸುತ್ತಿ ಮೇಲೆ ತಗಡು ಹಾಕಿ. ಅಲ್ಲಿ ಕಾವು ಉಳಿಸಬೇಕು, ಕಳೆಯಬಾರದು. ಜಾಯಿಂಟಿನಲ್ಲಿ ಮೇಲಿನ ಪೈಪು ಕೆಳಗಿನದರ ಒಳಗೆ ಕೂರಬೇಕು. ನಿಮ್ಮಲ್ಲಿ ತಿರುವುಮುರುವಾಗಿರಬೇಕು, ಅದಕ್ಕೇ ಹನಿ ಹೊರಗೆ ಬರುತ್ತಿದೆ. ಕಟ್ಟಿಗೆಯನ್ನೂ ನೋಡಿ. ಮುಳಶಿಯ ಮಳೆಯಲ್ಲಿ ನೆನೆದದ್ದು ದಸರೆಗೆ ಒಣಗಿರುವುದಿಲ್ಲ. ಎರಡು ತುಂಡು ಬಡಿದಾಗ ಟಣ್ ಅನ್ನಬೇಕು, ತುದಿಯಲ್ಲಿ ಬಿರುಕು ಕಾಣಬೇಕು.

ಪ್ರಶ್ನೆ: ಬಚ್ಚಲ ಒಲೆಯ ಮೇಲೆ 450 ಮಿ.ಮೀ. ಅಗಲದ ತಾಮ್ರದ ಹಂಡೆ ಇದೆ. ನೀರು ಕಾಯುವಷ್ಟರಲ್ಲಿ ಹೊರೆ ಕಟ್ಟಿಗೆ ಮುಗಿಯುತ್ತದೆ.
— ಓದುಗರು, ಫೋಂಡಾ, ಗೋವಾ

ಉತ್ತರ: ಹಂಡೆಯ ಸುತ್ತ ತಗಡಿನ ಅಂಗಿ ತೊಡಿಸಿ. 20 ಗೇಜ್ ಕಪ್ಪು ತಗಡು, ಹಂಡೆಗೂ ತಗಡಿಗೂ ಸುತ್ತಲೂ 15 ಮಿ.ಮೀ. ಸಂದು. ಸುತ್ತಳತೆ 1,508 ಮಿ.ಮೀ., ತಗಡಿನ ತುದಿಗಳನ್ನು ಒಂದರ ಮೇಲೊಂದು ಕೂರಿಸಲು 30 ಸೇರಿಸಿ. ಎತ್ತರ ಹಂಡೆಯ ಅರ್ಧದಷ್ಟು. ಈ ಸಂದಿನ ವಿಸ್ತಾರ ಸುಮಾರು 219 ಚದರ ಸೆಂ.ಮೀ.; ಕಟ್ಟಿಗೆ ಹಾಕುವ ಬಾಯಿ 15 × 15 ಸೆಂ.ಮೀ. ಇದ್ದರೆ ಲೆಕ್ಕ ಸರಿ. ಬಾಯಿ ದೊಡ್ಡದಿದ್ದರೆ ಇಟ್ಟಿಗೆ ಇಟ್ಟು ಕಿರಿದು ಮಾಡಿ, ಇಲ್ಲದಿದ್ದರೆ ಹೊಗೆ ಮುಂದಿನಿಂದಲೇ ಬರುತ್ತದೆ. ನೀರು ಅಂಗಿಯ ಅಂಚಿಗಿಂತ ಯಾವಾಗಲೂ ಮೇಲಿರಲಿ.

ಕಟ್ಟಿಗೆಯ ಕೆಳಗೆ 12 ಮಿ.ಮೀ. ಸರಳುಗಳ ಜಾಲರಿ ಇಡಿ. ಸರಳುಗಳ ನಡುವೆ 12 ಮಿ.ಮೀ., ಬೂದಿಗೆ ಅಡಿಯಲ್ಲಿ 75 ಮಿ.ಮೀ. ಜಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯಲ್ಲೂ ಜಾಲರಿಗೆ ಇದೇ ಕೆಲಸ: ಕೆಂಡಕ್ಕೆ ಅಡಿಯಿಂದ ಗಾಳಿ.

ಪ್ರಶ್ನೆ: ಒಲೆ ಚೆಂದ ಕಾಣಲೆಂದು ಬೆಳ್ಳಿಬಣ್ಣ ಬಳಿಯಬಹುದೇ?
— ಓದುಗರು, ಕೋಥರೂಡ್

ಉತ್ತರ: ಬೇಡ. ಅಲ್ಯುಮಿನಿಯಂ ಬಣ್ಣ ಬಳಿದ ಮೈ ಕಾವನ್ನು ಕಡಿಮೆ ಬೀರುತ್ತದೆ. ಹೊಳಪಿಲ್ಲದ, ಶಾಖ ತಡೆಯುವ ಕಪ್ಪು ಬಣ್ಣ ಕೇಳಿ ತನ್ನಿ. ತುಕ್ಕು ಉಜ್ಜಿ ತೆಗೆದು ತೆಳುವಾಗಿ ಎರಡು ಕೋಟ್ ಬಳಿಯಿರಿ. ಮೊದಲ ಎರಡು-ಮೂರು ಸಲ ಸಣ್ಣ ಉರಿ ಮಾಡಿ, ವಾಸನೆ ಹೋಗುವ ತನಕ ಕಿಟಕಿಗಳೆಲ್ಲ ತೆರೆದಿರಲಿ. ಆಮೇಲೂ ಒಲೆ ಉರಿಯುವಾಗ ಒಂದು ಕಿಟಕಿ ಎರಡು ಬೆರಳಿನಷ್ಟಾದರೂ ತೆರೆದಿರಬೇಕು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.