ಏಳು ನಿಮಿಷ ತಾಳಿ ಮೇಷ್ಟ್ರೇ, ಆಮೇಲೆ ಕೊಳಲು ಬರುತ್ತದೆ

ತಿಪಟೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಕಿಂಗ್ ಕ್ರಿಮ್ಸನ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಮೊದಲ ಆಲ್ಬಮ್ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಮಗನ ಫೋನಿನಲ್ಲಿ ಮೊದಲ ಹಾಡು ಹಾಕಿಸಿಕೊಂಡೆ. ಬರೀ ಗದ್ದಲ. ಎರಡು ನಿಮಿಷಕ್ಕೆ ನಿಲ್ಲಿಸಿದೆ. ಐದೂ ಹಾಡು ಸೇರಿ ಒಂದೇ ಕೃತಿ ಅಂತೀರಿ, ಕಥೆ ಎಲ್ಲಿದೆ? ಮುಕ್ಕಾಲು ಗಂಟೆ ಕೂತು ಕೇಳುವವರು ಈಗ ಯಾರಿದ್ದಾರೆ? ಅರ್ಧ ಪುಟ ಸಾಕಿತ್ತು."

ಮೇಷ್ಟ್ರೇ, ನಮಸ್ಕಾರ. ಇಷ್ಟವಿಲ್ಲದ ಲೇಖನವನ್ನೂ ಓದಿ, ಹಾಡು ಹುಡುಕಿ ಕೇಳಿ, ಪತ್ರ ಬರೆದಿದ್ದೀರಿ. ನಿಮ್ಮಂಥವರು ಇರುವುದರಿಂದಲೇ ಈ ಪತ್ರಿಕೆ ನಡೆಯುತ್ತಿದೆ. ನಿಮ್ಮ ಮಾತಿನಲ್ಲಿ ನಿಜವೂ ಇದೆ. ಆ ಆಲ್ಬಮ್‌ನಲ್ಲಿ ರಾಜ, ರಾಣಿ, ಮುಂದೇನಾಯಿತು ಎನ್ನುವ ಕಥೆ ಇಲ್ಲ. ನಾಲ್ಕನೆಯ ಹಾಡು 'ಮೂನ್‌ಚೈಲ್ಡ್' ಹನ್ನೆರಡು ನಿಮಿಷ ಎಳೆಯುತ್ತದೆ. ಅದರ ಕೊನೆಯ ಭಾಗದಲ್ಲಿ ನನಗೂ ಆಕಳಿಕೆ ಬರುತ್ತದೆ.

ಆದರೆ ಎರಡು ನಿಮಿಷಕ್ಕೆ ನಿಲ್ಲಿಸಿದಿರಲ್ಲ, ಅದು ಮಾತ್ರ ಸರಿಯಲ್ಲ. ಆ ಮೊದಲ ಹಾಡು ಗದ್ದಲವೇ, ಬೇಕೆಂದೇ ಮಾಡಿದ ಗದ್ದಲ. 1969ರ ಅಕ್ಟೋಬರಿನಲ್ಲಿ ಬಂದ ಆಲ್ಬಮ್ ಅದು. ವಿಯೆಟ್ನಾಂ ಹೊತ್ತಿ ಉರಿಯುತ್ತಿದ್ದ ಕಾಲ. ಹಾಡಿನಲ್ಲೇ ನಾಪಾಮ್ ಎಂಬ ಬೆಂಕಿ ಬಾಂಬಿನ ಮಾತು ಬರುತ್ತದೆ. ಹಾಡುಗಾರ ಗ್ರೆಗ್ ಲೇಕ್ ದನಿಯನ್ನು ಯಂತ್ರದಲ್ಲಿ ಹಾಕಿ ಜಜ್ಜಿದ್ದಾರೆ. ಏಳು ನಿಮಿಷ ದಾಟಿದ ಮೇಲೆ ಎಲ್ಲ ಕುಸಿದು ಬೀಳುತ್ತದೆ. ಮರುಕ್ಷಣವೇ ಎರಡನೆಯ ಹಾಡು, ತಂಡದ ಇಯಾನ್ ಮೆಕ್‌ಡೊನಾಲ್ಡ್ ಕೊಳಲು. ಸುಟ್ಟ ಹೊಲದ ಮೇಲೆ ಗಾಳಿ ಬಂದ ಹಾಗೆ. ಆ ಕೊಳಲನ್ನು ಬೇರೆಯಾಗಿ ಕೇಳಿದರೆ ಸುಮ್ನೆ ಒಂದು ಇಂಪಾದ ಹಾಡು. ಗದ್ದಲ ಮುಗಿದ ಮೇಲೆ ಕೇಳಿದರೆ ಕಣ್ಣು ತುಂಬುತ್ತದೆ. ಕಥೆ ಎಲ್ಲಿದೆ ಅಂದಿರಲ್ಲ, ಆ ಎರಡು ಹಾಡುಗಳ ಸಂದಿಯಲ್ಲಿದೆ.

ನಾನು ಇದನ್ನು ಮೊದಲು ಕೇಳಿದ್ದು ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಒಂದು ರೂಮಿನಲ್ಲಿ. ಗೆಳೆಯನೊಬ್ಬ ಬೆಂಗಳೂರಿನಿಂದ ಕ್ಯಾಸೆಟ್ ತಂದಿದ್ದ. ಮೂರನೆಯ ಹಾಡಿನ ನಡುವೆ ಕರೆಂಟ್ ಹೋಯಿತು. ಅದರಲ್ಲಿ ಮೆಲೊಟ್ರಾನ್ ಎಂಬ ವಾದ್ಯ ಹಿಂಡುಗಟ್ಟಲೆ ಪಿಟೀಲಿನ ಹಾಗೆ ಏಳುತ್ತದೆ. ನಮ್ಮ ಹಾರ್ಮೋನಿಯಂ ತರಹ ಬೆರಳಿನಿಂದ ಒತ್ತುವ ಮನೆಗಳಿರುತ್ತವೆ. ಒಂದೊಂದು ಮನೆಯ ಕೆಳಗೂ ಒಂದು ಟೇಪಿನ ತುಂಡು. ಒತ್ತಿದರೆ ಎಂಟು ಸೆಕೆಂಡ್ ನುಡಿದು ನಿಲ್ಲುತ್ತದೆ, ಅಷ್ಟೇ. ಅದು ಏಳುವ ಹೊತ್ತಿಗೇ ಕತ್ತಲೆ. ನಾವು ಮೂವರು ಮಾತಾಡದೆ ಕಾದೆವು. ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಹಾಕಲಿಲ್ಲ. ಮೊದಲಿಂದ ಹಾಕಿದೆವು.

ಇದು ಪರದೇಶದ ಹುಚ್ಚು ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ಊದುತ್ತಾ ರಾತ್ರಿಯಿಡೀ ಹಾಡುತ್ತಾರೆ. ದನ ಕಾಯುವ ವೀರನ ಕಥೆ, ಸೋದರಮಾವಂದಿರ ಹಗೆಯ ಕಥೆ. ಪದ ನಿಂತಾಗ ಗಣೆ, ಗಣೆ ನಿಂತಾಗ ಪದ. ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆ ಬರುತ್ತಿದ್ದವು. ಆನೆ ಬರುವ ಸೀನಷ್ಟೇ ತೋರಿಸಿ ಅಂತ ಯಾರಾದರೂ ಕೇಳಿದ್ದರಾ?

ಈಗ ಕೇಳುತ್ತಾರೆ. ನಮ್ಮೂರಿನದೇ ಒಂದು ಸಮಾರಂಭ. ಶಿರಾ ಕಡೆಯಿಂದ ಗಣೆಯ ಕಲಾವಿದರೊಬ್ಬರನ್ನು ಕರೆಸಿದ್ದರು. ಸನ್ಮಾನ, ಭಾಷಣ ಎಲ್ಲ ಮುಗಿಯುವಾಗ ಒಂಬತ್ತೂವರೆ. ಅಜ್ಜನಿಗೆ ಸಿಕ್ಕಿದ್ದು ಹತ್ತು ನಿಮಿಷ. ಕಥೆಯಲ್ಲಿ ಜುಂಜಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಅಷ್ಟರಲ್ಲಿ ಯಾರೋ ಬಂದು ಮೈಕ್ ತೆಗೆದುಕೊಂಡರು. ಅಜ್ಜ ಒಂದು ಮಾತೂ ಆಡಲಿಲ್ಲ. ಟವೆಲ್‌ನಲ್ಲಿ ಗಣೆ ಸುತ್ತಿಕೊಂಡು ಇಳಿದುಹೋದರು. ಆವತ್ತು ಎದ್ದು ನಿಂತು ಪ್ರಶ್ನೆ ಮಾಡಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ನೋವಿದೆ.

ಹರಿಕಥೆ ಅರ್ಧ ಗಂಟೆಗೆ ಬಂತು. ಕಚೇರಿಯಲ್ಲಿ ಆಲಾಪನೆ ಶುರುವಾದರೆ ಜನ ಗಡಿಯಾರ ನೋಡುತ್ತಾರೆ. ಮಕ್ಕಳಿಗೆ ಕಾದಂಬರಿಯ ಸಾರಾಂಶ ಓದಿಸುತ್ತೇವೆ, ಕಾದಂಬರಿ ಓದಿಸುವುದಿಲ್ಲ. ಯಾರಿಗೂ ಟೈಮಿಲ್ಲ ಅಂತೀವಿ. ಫೋನ್ ಒರೆಸುತ್ತಾ ಅದಕ್ಕಿಂತ ಜಾಸ್ತಿ ಹೊತ್ತು ಕಳೆಯುತ್ತೇವೆ, ಅಲ್ವಾ? ನೀವು ಮೂವತ್ತು ವರ್ಷ ಪಾಠ ಮಾಡಿದವರು. ಪದ್ಯದ ಮೊದಲ ಸಾಲಿಗೇ ಪುಸ್ತಕ ಮುಚ್ಚಿದ ಹುಡುಗನನ್ನು ಬಿಡುತ್ತಿದ್ದಿರಾ?

ಆ ಆಲ್ಬಮ್‌ನ ಮುಂದಿನ ರಕ್ಷಾಪುಟದಲ್ಲಿ ತಂಡದ ಹೆಸರೂ ಇಲ್ಲ. ಬಾಯಿ ತೆರೆದು ಚೀರುವ ಒಂದು ಕೆಂಪು ಮುಖ, ಅಷ್ಟೇ. ಬರೆದವನು ಬ್ಯಾರಿ ಗಾಡ್ಬರ್, ಕಂಪ್ಯೂಟರ್ ಕೆಲಸದ ಹುಡುಗ. ಆಲ್ಬಮ್ ಬಂದ ಕೆಲವೇ ತಿಂಗಳಿಗೆ, 1970ರಲ್ಲಿ, ತೀರಿಕೊಂಡ. ಇದನ್ನೆಲ್ಲ ಅರ್ಧ ಪುಟದಲ್ಲಿ ಹೇಗೆ ಹೇಳಲಿ?

ಒಂದು ಭಾನುವಾರ ಮಗನನ್ನು ಕರೆದುಕೊಂಡು ತುಮಕೂರಿಗೆ ಬನ್ನಿ. ನಮ್ಮ ಮನೆಯಲ್ಲಿ ರೆಕಾರ್ಡ್ ಇದೆ. ಊಟ ಮುಗಿಸಿ ಕೂರೋಣ. ನಡುವೆ ಒಂದು ಸಲ ಎದ್ದು ರೆಕಾರ್ಡ್ ತಿರುಗಿಸಬೇಕು. ಆ ಕೆಲಸ ನಿಮ್ಮದು.