ಪೈಥಾನ್ ಹಾಕಿದರೂ ಸ್ಟೋರೇ ತೆರೆಯುತ್ತಿದೆಯೇ? ಪಾಥ್ ಸಾಲಿನ ಕ್ರಮ ನೋಡಿ

ಪ್ರಶ್ನೆ: ವಿಂಡೋಸ್‌ನಲ್ಲಿ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಹಾಕಿದ್ದೇನೆ, ಆದರೆ ‘ಪೈಥಾನ್’ ಎಂದು ಟೈಪಿಸಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ. ಸೆಟ್ಟಿಂಗ್ ಬದಲಿಸುವ ‘ಸೆಟ್‌ಎಕ್ಸ್’ ಕಮಾಂಡಿನಿಂದ ಪೈಥಾನ್ ಫೋಲ್ಡರನ್ನು ಪಾಥ್‌ನ ಕೊನೆಗೆ ಸೇರಿಸಿದೆ. ಅದೂ ಆಗಲಿಲ್ಲ, ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನ ‘ಕೋಡ್’ ಕಮಾಂಡೂ ಹೋಯಿತು. ಹಾಸ್ಟೆಲ್‌ನ ಉಬುಂಟುವಿನಲ್ಲಿ ಪೈಥಾನ್ ಟೂಲ್‌ಗಳನ್ನು ಇನ್‌ಸ್ಟಾಲ್ ಮಾಡುವ ‘ಪಿಪ್‌ಎಕ್ಸ್’ನಿಂದ ಹಾಕಿದ ಟೂಲ್‌ಗೆ ‘ಕಮಾಂಡ್ ನಾಟ್ ಫೌಂಡ್’ ಬರುತ್ತದೆ.
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಪಾಥ್ ಎಂದರೆ ನೀವು ಟೈಪಿಸಿದ ಕಮಾಂಡಿನ ಫೈಲನ್ನು ಕಂಪ್ಯೂಟರ್ ಒಂದೊಂದಾಗಿ ಹುಡುಕುವ ಫೋಲ್ಡರ್‌ಗಳ ಸಾಲು. ಮೊದಲು ಸಿಕ್ಕ ಫೈಲೇ ಓಡುತ್ತದೆ, ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ವಿಂಡೋಸ್ ತನ್ನ ‘ವಿಂಡೋಸ್‌ಆ್ಯಪ್ಸ್’ ಫೋಲ್ಡರಿನಲ್ಲಿ ಪೈಥಾನ್ ಹೆಸರಿನದೇ ಒಂದು ಫೈಲ್ ಇಟ್ಟಿರುತ್ತದೆ. ಸ್ಟೋರ್ ತೆರೆಯುವುದು ಅದೇ. ‘ವೇರ್ ಪೈಥಾನ್’ ಎಂದು ಕೊಟ್ಟರೆ ಯಾವುದು ಮೊದಲು ಸಿಗುತ್ತಿದೆ ಎಂದು ಗೊತ್ತಾಗುತ್ತದೆ. ವಿಂಡೋಸ್‌ನ ಇನ್ನೊಂದು ಕಮಾಂಡ್ ವಿಂಡೋ ಆದ ಪವರ್‌ಶೆಲ್‌ನಲ್ಲಾದರೆ ‘ವೇರ್.ಇಎಕ್ಸ್‌ಇ’ ಎಂದೇ ಬರೆಯಬೇಕು. ಬರೀ ‘ವೇರ್’ ಅಲ್ಲಿ ಬೇರೆ ಕಮಾಂಡ್.

ಸೆಟ್‌ಎಕ್ಸ್‌ನದು ದೊಡ್ಡ ಹಾನಿ. ಕಮಾಂಡ್ ಪ್ರಾಂಪ್ಟಿನಲ್ಲಿ %ಪಾಥ್% ಎಂದರೆ ಮೊದಲು ಸಿಸ್ಟಮ್ ಪಾಥ್ (ಇಡೀ ಕಂಪ್ಯೂಟರಿನದು), ಅದರ ಹಿಂದೆ ಯೂಸರ್ ಪಾಥ್ (ನಿಮ್ಮ ಅಕೌಂಟಿನದು), ಎರಡೂ ಕೂಡಿದ್ದು. ಸೆಟ್‌ಎಕ್ಸ್ ಅಷ್ಟನ್ನೂ ಯೂಸರ್ ಪಾಥ್‌ಗೆ ಬರೆಯುತ್ತದೆ, ಅದೂ 1024 ಅಕ್ಷರಕ್ಕೆ ಕತ್ತರಿಸಿ. ತುದಿಯಲ್ಲಿದ್ದ ವಿಎಸ್ ಕೋಡ್ ಹೋದದ್ದು ಹೀಗೆ. ಹೊಸದಾಗಿ ಸೇರಿಸಿದ ಪೈಥಾನ್ ಕೂಡ. ಪಾಥ್ ತಿದ್ದಲು ಸೆಟ್‌ಎಕ್ಸ್ ಬೇಡವೇ ಬೇಡ. ನೀವು ಸೆಟ್‌ಎಕ್ಸ್ ಕೊಡುವ ಮೊದಲು ತೆರೆದ ಕಮಾಂಡ್ ವಿಂಡೋ ಇನ್ನೂ ಮುಚ್ಚಿಲ್ಲದಿದ್ದರೆ ಹಳೆಯ ಸಾಲು ಅದರಲ್ಲಿ ಹಾಗೇ ಇರುತ್ತದೆ. ‘ಪಾಥ್’ ಎಂದು ಟೈಪಿಸಿ, ಬಂದದ್ದನ್ನು ನೋಟ್‌ಪ್ಯಾಡಿಗೆ ಕಾಪಿ ಮಾಡಿಕೊಳ್ಳಿ.

ಆಮೇಲೆ ಸ್ಟಾರ್ಟ್‌ನಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಹುಡುಕಿ, ನಿಮ್ಮ ಅಕೌಂಟಿನ ಪಾಥ್ ಎಡಿಟ್ ಮಾಡಿ. ಸಿಸ್ಟಮ್ ಪಾಥ್‌ನಿಂದ ನಕಲಾಗಿ ಬಂದವನ್ನು ಅಳಿಸಿ, ಕಳೆದುಹೋದವನ್ನು ಮರಳಿ ಸೇರಿಸಿ. ಪೈಥಾನ್ ಫೋಲ್ಡರ್, ಅದರೊಳಗಿನ ‘ಸ್ಕ್ರಿಪ್ಟ್ಸ್’ ಎರಡನ್ನೂ ಹಾಕಿ, ‘ಮೂವ್ ಅಪ್’ ಒತ್ತಿ ವಿಂಡೋಸ್‌ಆ್ಯಪ್ಸ್‌ಗಿಂತ ಮೇಲೆ ತನ್ನಿ. ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ, ಹಾಗಾಗಿ ಲ್ಯಾಬಿನ ಕಂಪ್ಯೂಟರಿನಲ್ಲೂ ಸಾಮಾನ್ಯವಾಗಿ ಇದು ನಡೆಯುತ್ತದೆ. ತೆರೆದಿರುವ ವಿಂಡೋಗಳಿಗೆ ಬದಲಾವಣೆ ತಿಳಿಯುವುದಿಲ್ಲ. ಹೊಸದನ್ನು ತೆರೆದು ಪರೀಕ್ಷಿಸಿ.

ಉಬುಂಟುವಿನದು ಸಣ್ಣ ವಿಷಯ. ಪಿಪ್‌ಎಕ್ಸ್ ಟೂಲ್‌ಗಳನ್ನು ಹೋಮ್‌ನ ‘.ಲೋಕಲ್/ಬಿನ್’ನಲ್ಲಿ ಇಡುತ್ತದೆ. ‘.ಪ್ರೊಫೈಲ್’ ಫೈಲ್ ಅದನ್ನು ಪಾಥ್‌ಗೆ ಸೇರಿಸುವುದು ಲಾಗಿನ್ ಹೊತ್ತಿಗೆ ಆ ಫೋಲ್ಡರ್ ಇದ್ದರೆ ಮಾತ್ರ. ನಿಮ್ಮದು ಆಮೇಲೆ ಹುಟ್ಟಿದ ಫೋಲ್ಡರ್ ಇರಬೇಕು. ಒಮ್ಮೆ ಲಾಗೌಟ್ ಮಾಡಿ ಬನ್ನಿ, ಇಲ್ಲವೇ ‘ಪಿಪ್‌ಎಕ್ಸ್ ಎನ್‌ಶೂರ್‌ಪಾಥ್’ ಕೊಟ್ಟು ಹೊಸ ಟರ್ಮಿನಲ್ ತೆರೆಯಿರಿ. ಕೈಯಾರೆ ಬರೆಯುವುದಾದರೆ ನೆನಪಿಡಿ: ವಿಂಡೋಸ್‌ನಲ್ಲಿ ಫೋಲ್ಡರ್‌ಗಳ ನಡುವೆ ಅರ್ಧವಿರಾಮ (;), ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕೋಲನ್ (:). ಲಿನಕ್ಸ್‌ನಲ್ಲಿ ಹಳೆಯ ಸಾಲನ್ನು ಸೂಚಿಸುವ $ಪಾಥ್ ಬಿಟ್ಟು ಬರೆದರೆ ಆ ಟರ್ಮಿನಲ್‌ನಲ್ಲಿ ಫೈಲ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕೂಡ ಸಿಗುವುದಿಲ್ಲ.